ಸಾವಿರ ಪುಟದ ಡಾಕ್ಯುಮೆಂಟೇಶನ್ ಇದ್ದರೂ ಹೊಸಬರು ಕೋಡನ್ನೇ ತೆರೆಯುವುದೇಕೆ?

ಪ್ರಶ್ನೆ: ನಾನು ಹಾಸನದ ಒಂದು ಸಣ್ಣ ಸಾಫ್ಟ್‌ವೇರ್ ಸಂಸ್ಥೆಯಲ್ಲಿ ಕೆಲಸ ಮಾಡುತ್ತೇನೆ. ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯ ಕಾಫಿ ತೋಟಗಳಿಗಾಗಿ ಮಳೆ ದಾಖಲೆ, ಕೂಲಿ ಪಟ್ಟಿ ಮತ್ತು ಕೊಯ್ಲಿನ ಲೆಕ್ಕ ನೋಡಿಕೊಳ್ಳುವ ತಂತ್ರಾಂಶ ನಮ್ಮದು. ಹೆಚ್ಚಿನ ಭಾಗ ಸಿ ಪ್ಲಸ್ ಪ್ಲಸ್‌ನಲ್ಲಿದೆ, ವರದಿಗಳು ಪೈಥಾನ್‌ನಲ್ಲಿವೆ. ಮೂಲದಲ್ಲಿ ಬರೆದವರು ಕೆಲಸ ಬಿಟ್ಟು ಹೋಗಿದ್ದಾರೆ. ಡಾಕ್ಯುಮೆಂಟೇಶನ್ ಇಲ್ಲವೆಂಬ ದೂರು ಬಂದಾಗ, ಕೋಡನ್ನು ಓದಿ ವಿವರಣೆಯ ಪುಟಗಳನ್ನು ತಯಾರಿಸುವ ಡಾಕ್ಸಿಜನ್ ಎಂಬ ಸಾಧನವನ್ನು ಓಡಿಸಿದೆವು. ಕಾಮೆಂಟ್ (ಕೋಡಿನ ಪಕ್ಕದಲ್ಲಿ ಓದುವವರಿಗಾಗಿ ಬರೆಯುವ ಟಿಪ್ಪಣಿ) ಇಲ್ಲದ ಕಡೆಯೆಲ್ಲ ಎಐ ಸಹಾಯಕದಿಂದ ಬರೆಸಿ ತುಂಬಿಸಿದೆವು. ಈಗ ಸಾವಿರಕ್ಕೂ ಹೆಚ್ಚು ಪುಟಗಳಿವೆ, ಒಂದು ಫಂಕ್ಷನ್ (ಒಂದು ನಿರ್ದಿಷ್ಟ ಕೆಲಸ ಮಾಡುವ ಕೋಡಿನ ತುಂಡು) ಕೂಡ ವಿವರಣೆಯಿಲ್ಲದೆ ಉಳಿದಿಲ್ಲ. ಆದರೂ ಹೊಸದಾಗಿ ಸೇರಿದವರು ಎರಡು ದಿನ ಅದನ್ನು ನೋಡಿ, ಆಮೇಲೆ ಮೂಲ ಕೋಡನ್ನೇ ತೆರೆದು ಕೂರುತ್ತಾರೆ. ದೋಷ ಸಾಧನದ್ದೇ, ನಮ್ಮದೇ? ಇದನ್ನು ಕೈಬಿಡಬೇಕೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಡಾಕ್ಸಿಜನ್ ಅನ್ನು ಕೈಬಿಡುವ ಅಗತ್ಯವಿಲ್ಲ. ಆದರೆ ಎಐ ಸಹಾಯಕದಿಂದ ತುಂಬಿಸಿದ ವಿವರಣೆಗಳಲ್ಲಿ ಬಹುಪಾಲನ್ನು ಅಳಿಸಬೇಕಾಗುತ್ತದೆ. ‘ಎಲ್ಲವೂ ಮುಗಿದಿದೆ’ ಎಂದು ಮೇಲಿನವರಿಗೆ ವರದಿ ಕೊಟ್ಟಾದ ಮೇಲೆ ಈ ಸಲಹೆ ಯಾರಿಗೂ ಹಿಡಿಸುವುದಿಲ್ಲವೆಂದು ಬಲ್ಲೆ. ಹಾಗಿದ್ದರೂ ಅಳಿಸಿ ಎನ್ನುವುದಕ್ಕೆ ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಜಾವಾ ಭಾಷೆಯ ಜೊತೆಗೇ ಬಂದ ಜಾವಾಡಾಕ್, 1997ರಲ್ಲಿ ಡಿಮಿತ್ರಿ ವಾನ್ ಹೇಶ್ ಅವರು ಹೊರತಂದ ಡಾಕ್ಸಿಜನ್, ಪೈಥಾನ್‌ನ ಕೈಪಿಡಿಗಳಿಗಾಗಿ 2008ರಲ್ಲಿ ಬಂದ ಸ್ಫಿಂಕ್ಸ್, ಇವೆಲ್ಲವೂ ಮೂಲತಃ ಮಾಡುವ ಕೆಲಸ ಒಂದೇ. ಅವು ಕೋಡಿನಲ್ಲಿರುವ ಕ್ಲಾಸ್ ಮತ್ತು ಫಂಕ್ಷನ್‌ಗಳ ಘೋಷಣೆಗಳನ್ನು (ಹೆಸರು, ತೆಗೆದುಕೊಳ್ಳುವ ಪ್ಯಾರಾಮೀಟರ್‌ಗಳು, ಹಿಂದಿರುಗಿಸುವ ಮೌಲ್ಯದ ಬಗೆ ಇವನ್ನು ಹೇಳುವ ಸಾಲುಗಳನ್ನು) ಓದುತ್ತವೆ, ಅವುಗಳಿಗೆ ಅಂಟಿಕೊಂಡಂತೆ ನಿಗದಿತ ರೂಪದಲ್ಲಿ ಬರೆದ ಕಾಮೆಂಟ್‌ಗಳನ್ನು ಆಯ್ದುಕೊಳ್ಳುತ್ತವೆ, ಎರಡನ್ನೂ ಜೋಡಿಸಿ ಒಂದರಿಂದ ಇನ್ನೊಂದಕ್ಕೆ ಕೊಂಡಿ ಹಾಕಿದ ಪುಟಗಳನ್ನು ಮಾಡಿಕೊಡುತ್ತವೆ. ಇದು ಉಪಯುಕ್ತ ಕೆಲಸವೇ. ಆದರೆ ಕೋಡಿನಲ್ಲಿ ಇಲ್ಲದ್ದು ಪುಟದಲ್ಲಿ ಹೊಸದಾಗಿ ಹುಟ್ಟುವುದಿಲ್ಲ. ಪಹಣಿಯಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಖಾತೆದಾರರ ಹೆಸರು, ಬೆಳೆ ಎಲ್ಲವೂ ಇರುತ್ತದೆ. ಆ ತೋಟಕ್ಕೆ ಹೋಗುವ ದಾರಿ ಪಕ್ಕದವರ ಜಮೀನಿನ ಮೇಲೆ ಹಾದುಹೋಗುತ್ತದೆಯೇ, ಬೇಸಿಗೆಯಲ್ಲಿ ಕೆರೆಯಲ್ಲಿ ನೀರು ನಿಲ್ಲುತ್ತದೆಯೇ ಎಂಬುದು ಅದರಲ್ಲಿರುವುದಿಲ್ಲ. ತೋಟ ಕೊಳ್ಳಲು ಬಂದವನಿಗೆ ಬೇಕಾಗಿರುವುದು ಹೆಚ್ಚಾಗಿ ಎರಡನೆಯದು. ಹಾಗೆಂದು ಪಹಣಿಯನ್ನು ಯಾರೂ ಬೈಯುವುದಿಲ್ಲ, ಏಕೆಂದರೆ ಅದರಲ್ಲಿ ಎಷ್ಟಿದೆ, ಎಷ್ಟಿಲ್ಲ ಎಂಬುದು ಎಲ್ಲರಿಗೂ ಗೊತ್ತು. ನಿಮ್ಮ ಸಾವಿರ ಪುಟಗಳ ವಿಷಯದಲ್ಲಿ ಆ ತಿಳಿವಳಿಕೆಯೇ ಮರೆಯಾಗಿದೆ.

ನಿಮ್ಮದೇ ಕ್ಷೇತ್ರದಿಂದ ಒಂದು ಉದಾಹರಣೆ ತೆಗೆದುಕೊಳ್ಳೋಣ. ತೋಟದ ಸಂಖ್ಯೆ ಮತ್ತು ದಿನಾಂಕವನ್ನು ಕೊಟ್ಟರೆ ಆ ದಿನದ ಮಳೆಯನ್ನು ಒಂದು ದಶಮಾಂಶ ಸಂಖ್ಯೆಯಾಗಿ ಹಿಂದಿರುಗಿಸುವ ಫಂಕ್ಷನ್ ನಿಮ್ಮಲ್ಲಿ ಇದ್ದೇ ಇರುತ್ತದೆ. ಅದರ ಹೆಸರು ‘ಗೆಟ್ ಡೈಲಿ ರೇನ್‌ಫಾಲ್’ ಎಂದೇ ಇಟ್ಟುಕೊಳ್ಳಿ. ಸಾಧನ ತಯಾರಿಸಿದ ಪುಟದಲ್ಲಿ ‘ದೈನಂದಿನ ಮಳೆಯನ್ನು ಪಡೆಯುತ್ತದೆ, ಮೊದಲ ಪ್ಯಾರಾಮೀಟರ್ ತೋಟದ ಸಂಖ್ಯೆ, ಎರಡನೆಯದು ದಿನಾಂಕ, ಹಿಂದಿರುಗಿಸುವುದು ದೈನಂದಿನ ಮಳೆ’ ಎಂದಿರುತ್ತದೆ. ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಫಂಕ್ಷನ್‌ನ ಹೆಸರನ್ನು ಓದಬಲ್ಲವನಿಗೆ ಇದರಿಂದ ಒಂದಕ್ಷರದಷ್ಟೂ ಹೊಸದು ಸಿಗುವುದಿಲ್ಲ ಎಂಬುದೂ ಅಷ್ಟೇ ನಿಜ.

ಹೊಸಬನಿಗೆ ಬೇಕಾಗಿದ್ದ ಸಂಗತಿಗಳು ಬೇರೆ. ಆ ಸಂಖ್ಯೆ ಯಾವ ಅಳತೆಯಲ್ಲಿದೆ? ಕಾಫಿ ತೋಟಗಳಲ್ಲಿ ಮಳೆಯನ್ನು ಇಂಚು ಮತ್ತು ಸೆಂಟುಗಳಲ್ಲಿ ಬರೆಯುವ ರೂಢಿ ಇಂದಿಗೂ ಇದೆ. ನೂರು ಸೆಂಟಿಗೆ ಒಂದು ಇಂಚು. ಹವಾಮಾನ ಇಲಾಖೆಯ ಅಂಕಿಅಂಶಗಳು ಮಿಲಿಮೀಟರಿನಲ್ಲಿರುತ್ತವೆ. ಫಂಕ್ಷನ್ 150 ಎಂಬ ಸಂಖ್ಯೆಯನ್ನು ಕೊಟ್ಟಿತು ಎನ್ನಿ. ಅದು ಸೆಂಟ್ ಆಗಿದ್ದರೆ ಒಂದೂವರೆ ಇಂಚು, ಅಂದರೆ 38.1 ಮಿಲಿಮೀಟರ್, ಮಲೆನಾಡಿನ ಜುಲೈ ತಿಂಗಳಿಗೆ ಸಾಧಾರಣ ಮಳೆ. ಅದನ್ನೇ ಮಿಲಿಮೀಟರ್ ಎಂದು ಓದಿದರೆ ಹವಾಮಾನ ಇಲಾಖೆಯ ವರ್ಗೀಕರಣದಲ್ಲಿ ಅತಿ ಭಾರಿ ಮಳೆ. ಬಯಲುಸೀಮೆಯಲ್ಲಾದರೆ ಇಂಥ ಸಂಖ್ಯೆ ಕಂಡೊಡನೆ ಯಾರಾದರೂ ಹುಬ್ಬೇರಿಸಿಯಾರು. ನಮ್ಮ ಘಟ್ಟದಂಚಿನ ತಾಲ್ಲೂಕುಗಳಲ್ಲಿ ಎರಡೂ ನಂಬುವಂಥ ಸಂಖ್ಯೆಗಳೇ ಆಗಿರುವುದರಿಂದ ಈ ತಪ್ಪು ವರ್ಷಗಟ್ಟಲೆ ಗಮನಕ್ಕೆ ಬಾರದೆ ವರದಿಗಳಲ್ಲಿ ಉಳಿದುಬಿಡಬಹುದು.

ಇನ್ನು ದಿನಾಂಕದ ವಿಷಯ. ಮಳೆಮಾಪಕವನ್ನು ಬೆಳಿಗ್ಗೆ 8.30ಕ್ಕೆ ಅಳೆಯುವುದು ನಮ್ಮ ದೇಶದಲ್ಲಿ ಪ್ರಮಾಣಿತ ಕ್ರಮ. ಆಗ ಸಿಗುವುದು ಹಿಂದಿನ 24 ಗಂಟೆಗಳ ಮಳೆ. ಮಂಗಳವಾರ ಬೆಳಿಗ್ಗೆ ಅಳೆದದ್ದನ್ನು ಮಂಗಳವಾರದ ಲೆಕ್ಕಕ್ಕೆ ಬರೆಯಬೇಕೇ, ಮಳೆಯ ಬಹುಭಾಗ ಸುರಿದ ಸೋಮವಾರಕ್ಕೆ ಬರೆಯಬೇಕೇ? ಇಲಾಖೆ ಒಂದು ರೀತಿಯಲ್ಲಿ, ಕೆಲವು ತೋಟಗಳಲ್ಲಿ ಲೆಕ್ಕ ಬರೆಯುವ ರೈಟರುಗಳು ಇನ್ನೊಂದು ರೀತಿಯಲ್ಲಿ ಬರೆದರೆ ನಿಮ್ಮ ತಂತ್ರಾಂಶ ಯಾವುದನ್ನು ಅನುಸರಿಸುತ್ತದೆ? ಭಾನುವಾರ ಅಳೆಯದೆ ಸೋಮವಾರ ಎರಡೂ ದಿನದ ಮಳೆಯನ್ನು ಒಟ್ಟಾಗಿ ಬರೆದಿದ್ದರೆ ಏನಾಗುತ್ತದೆ? ಸೊನ್ನೆ ಎಂದರೆ ಮಳೆ ಬರಲಿಲ್ಲವೆಂದೋ, ಅಳೆಯಲಿಲ್ಲವೆಂದೋ? ಫೆಬ್ರುವರಿ, ಮಾರ್ಚ್ ತಿಂಗಳ ಹೂಮಳೆಯನ್ನೂ ಅದರ ಬೆನ್ನಿಗೆ ಬರಬೇಕಾದ ಬ್ಯಾಕಿಂಗ್ ಮಳೆಯನ್ನೂ ದಿನ ಲೆಕ್ಕ ಹಾಕಿ ಕಾಯುವ ಬೆಳೆಗಾರರಿಗೆ ಇವು ಕ್ಷುಲ್ಲಕ ಪ್ರಶ್ನೆಗಳಲ್ಲ. ತುಂತುರು ನೀರಾವರಿ ಹಾಯಿಸಬೇಕೇ ಬೇಡವೇ ಎಂಬ ನಿರ್ಧಾರವೇ ಇವುಗಳ ಮೇಲೆ ನಿಂತಿರುತ್ತದೆ. ಈ ಯಾವುದಕ್ಕೂ ಫಂಕ್ಷನ್‌ನ ಘೋಷಣೆಯಲ್ಲಿ ಉತ್ತರವಿಲ್ಲ. ಉತ್ತರ ಇರುವುದು ತೋಟದ ರೈಟರ ಬಳಿ, ಕೆಲಸ ಬಿಟ್ಟು ಹೋದ ನಿಮ್ಮ ಸಹೋದ್ಯೋಗಿಯ ನೆನಪಿನಲ್ಲಿ, ಒಂದಷ್ಟು ಕೋಡಿನ ಒಳಭಾಗದಲ್ಲಿ. ಹೊಸಬರು ಪುಟಗಳನ್ನು ಬಿಟ್ಟು ಕೋಡನ್ನೇ ತೆರೆಯುವುದು ಸೋಮಾರಿತನವೂ ಅಲ್ಲ, ಅವಜ್ಞೆಯೂ ಅಲ್ಲ. ಉತ್ತರದ ಒಂದು ತುಣುಕಾದರೂ ಸಿಗುವ ಜಾಗ ಅದೊಂದೇ.

ಇದೇ ಬಗೆಯ ಸಾಧನದಿಂದ ತಯಾರಾದ ಒಳ್ಳೆಯ ಪುಟ ಹೇಗಿರುತ್ತದೆ ಎಂಬುದನ್ನೂ ನೋಡಬೇಕು, ಇಲ್ಲದಿದ್ದರೆ ಎಲ್ಲ ಆರೋಪ ಸಾಧನದ ತಲೆಗೆ ಬರುತ್ತದೆ. ಜಾವಾದ ಪ್ರಮಾಣಿತ ಗ್ರಂಥಾಲಯದಲ್ಲಿ ‘ಅರೇಸ್’ ಕ್ಲಾಸಿನ ‘ಬೈನರಿ ಸರ್ಚ್’ ಎಂಬ ಫಂಕ್ಷನ್ ಇದೆ. ಘೋಷಣೆಯ ಪ್ರಕಾರ ಅದು ಒಂದು ಪಟ್ಟಿಯನ್ನೂ ಹುಡುಕಬೇಕಾದ ಮೌಲ್ಯವನ್ನೂ ತೆಗೆದುಕೊಂಡು ಒಂದು ಪೂರ್ಣಾಂಕವನ್ನು ಹಿಂದಿರುಗಿಸುತ್ತದೆ, ಅಷ್ಟೇ. ಆದರೆ ಅದರ ಜಾವಾಡಾಕ್ ಪುಟ ಇದರಾಚೆಗೆ ಮೂರು ಮುಖ್ಯ ಸಂಗತಿಗಳನ್ನು ಹೇಳುತ್ತದೆ. ಪಟ್ಟಿಯನ್ನು ಮುಂಚಿತವಾಗಿ ಏರಿಕೆಯ ಕ್ರಮದಲ್ಲಿ ಜೋಡಿಸಿರಲೇಬೇಕು, ಇಲ್ಲದಿದ್ದರೆ ಫಲಿತಾಂಶ ಏನೆಂದು ನಿರ್ದಿಷ್ಟವಿಲ್ಲ. ಒಂದೇ ಮೌಲ್ಯ ಹಲವು ಸಲ ಇದ್ದರೆ ಅವುಗಳಲ್ಲಿ ಯಾವುದು ಸಿಗುತ್ತದೆ ಎಂಬ ಖಾತರಿ ಇಲ್ಲ. ಮೌಲ್ಯ ಸಿಗದಿದ್ದರೆ ಬರುವುದು ಬರಿಯ ಮೈನಸ್ ಒಂದಲ್ಲ, ಆ ಮೌಲ್ಯವನ್ನು ಸೇರಿಸಬೇಕಾದ ಸ್ಥಾನವನ್ನು ಋಣಾತ್ಮಕಗೊಳಿಸಿ ಅದರಿಂದ ಒಂದನ್ನು ಕಳೆದ ಸಂಖ್ಯೆ. ಮೂರನೆಯದನ್ನು ಕೋಡು ಓದಿ ಕಷ್ಟಪಟ್ಟು ಊಹಿಸಿಯಾರು. ಎರಡನೆಯದನ್ನು ಯಾವ ಕೋಡೂ ಹೇಳಲಾರದು. ಈಗ ಹೀಗೆ ನಡೆಯುತ್ತಿರುವುದು ಕಾಕತಾಳೀಯವೋ, ಮುಂದೆಯೂ ಹೀಗೇ ಇರುತ್ತದೆಂದು ನಂಬಬಹುದೋ ಎಂಬುದು ಬರೆದವರು ಕೊಡಬೇಕಾದ ಮಾತು. ಆ ಪುಟವನ್ನು ಜೋಡಿಸಿದ್ದು ಯಂತ್ರ, ಅದರೊಳಗಿನ ವಾಕ್ಯಗಳನ್ನು ಬರೆದದ್ದು ಮನುಷ್ಯರು. ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಮೊದಲ ಕೈಪಿಡಿ 1971ರ ನವೆಂಬರ್‌ನಲ್ಲಿ ಬಂದಾಗಲೇ ಅದರ ಪುಟಗಳಲ್ಲಿ ‘ಬಗ್ಸ್’ ಎಂಬ ವಿಭಾಗವೊಂದಿತ್ತು, ಆಯಾ ಆಜ್ಞೆಯ ಗೊತ್ತಿರುವ ದೋಷಗಳನ್ನು ಅದರ ಪುಟದಲ್ಲಿಯೇ ಒಪ್ಪಿಕೊಳ್ಳುವುದಕ್ಕಾಗಿ. ಅಂಥ ವಿಭಾಗವನ್ನು ಕೋಡಿನ ಘೋಷಣೆಯಿಂದ ತಯಾರಿಸಿಕೊಡುವ ಸಾಧನ ಯಾವುದೂ ಇಲ್ಲ.

ಈಗ ನಾನು ಅತ್ಯಂತ ಮುಖ್ಯವೆಂದು ಭಾವಿಸುವ ವಿಷಯಕ್ಕೆ ಬರುತ್ತೇನೆ. ಡಾಕ್ಯುಮೆಂಟೇಶನ್ ಇಲ್ಲದಿರುವುದಕ್ಕಿಂತ ದೊಡ್ಡ ತೊಂದರೆ, ಇಲ್ಲದಿರುವುದು ಕಾಣದಂತಾಗುವುದು. ನಿಮ್ಮ ಡಾಕ್ಸಿಜನ್‌ನ ಸಂರಚನಾ ಕಡತವನ್ನು ತೆರೆದು ‘ಎಕ್ಸ್‌ಟ್ರಾಕ್ಟ್ ಆಲ್’ ಎಂಬ ಸಾಲನ್ನು ನೋಡಿ. ಅದು ಪೂರ್ವನಿಯೋಜಿತವಾಗಿ ‘ನೋ’ ಎಂದಿರುತ್ತದೆ. ಆದರೆ ಆ ಕಡತವನ್ನು ಆಯ್ಕೆಗಳನ್ನು ಒತ್ತಿ ತಯಾರಿಸಲು ನೆರವಾಗುವ ಡಾಕ್ಸಿವಿಝಾರ್ಡ್‌ನಲ್ಲಿ ಎಲ್ಲ ಘಟಕಗಳನ್ನೂ ತೆಗೆದುಕೊಳ್ಳುವ ಆಯ್ಕೆಯನ್ನು ಒತ್ತಿದವರಲ್ಲಿ ‘ಯೆಸ್’ ಆಗಿರುತ್ತದೆ. ಸಾವಿರ ಪುಟ ಬಂದಿರುವುದನ್ನು ನೋಡಿದರೆ ನಿಮ್ಮಲ್ಲಿಯೂ ಹಾಗೆಯೇ ಇರಬಹುದು. ಹಾಗೆ ಮಾಡಿದಾಗ ಸಾಧನವು ಕಾಮೆಂಟ್ ಇರಲಿ ಬಿಡಲಿ, ಎಲ್ಲಕ್ಕೂ ವಿವರಣೆ ಇದೆಯೆಂದೇ ಭಾವಿಸಿ ಪುಟ ಮಾಡುತ್ತದೆ. ಅದರ ಜೊತೆಗೆ ‘ಈ ಫಂಕ್ಷನ್‌ಗೆ ವಿವರಣೆ ಇಲ್ಲ’ ಎಂದು ಕೊಡಬೇಕಾದ ಎಚ್ಚರಿಕೆಗಳನ್ನೂ ನಿಲ್ಲಿಸಿಬಿಡುತ್ತದೆ. ಇದು ಗುಟ್ಟೇನಲ್ಲ, ಡಾಕ್ಸಿಜನ್‌ನ ಕೈಪಿಡಿಯಲ್ಲಿಯೇ ಬರೆದಿದೆ, ಓದುವವರು ಕಡಿಮೆ. ಇದರ ಮೇಲೆ ಎಐ ಸಹಾಯಕದಿಂದ ಪ್ರತಿ ಫಂಕ್ಷನ್‌ಗೂ ವಾಕ್ಯ ಬರೆಸಿದಾಗ ಉಳಿದಿದ್ದ ಇನ್ನೊಂದು ಸುಳಿವೂ ಹೋಯಿತು. ಮೊದಲು ಖಾಲಿ ಜಾಗವನ್ನು ನೋಡಿ ‘ಇಲ್ಲಿ ಯಾರನ್ನಾದರೂ ಕೇಳಬೇಕು’ ಎಂದು ತಿಳಿಯುತ್ತಿತ್ತು. ಈಗ ತಿಳಿದು ಬರೆದ ವಿವರಣೆಯೂ ತಿಳಿಯದೆ ತುಂಬಿಸಿದ ವಿವರಣೆಯೂ ಒಂದೇ ಅಕ್ಷರದಲ್ಲಿ, ಒಂದೇ ಚೌಕಟ್ಟಿನಲ್ಲಿ ಕಾಣುತ್ತವೆ. ಎರಡು ದಿನ ಓದಿದ ಹೊಸಬ ನಾಲ್ಕಾರು ಕಡೆ ನಿರಾಶನಾದ ಮೇಲೆ ಒಳ್ಳೆಯ ವಿವರಣೆಗಳನ್ನೂ ನಂಬುವುದನ್ನು ಬಿಡುತ್ತಾನೆ.

ಎಐ ಸಹಾಯಕದ ವಿಷಯದಲ್ಲಿ ಇನ್ನೊಂದು ಅಪಾಯವಿದೆ. ಇದು ಹಳೆಯ ಸಾಧನಗಳಲ್ಲಿ ಇರಲಿಲ್ಲ. ಡಾಕ್ಸಿಜನ್ ಗೊತ್ತಿಲ್ಲದ್ದನ್ನು ಊಹಿಸುವುದಿಲ್ಲ. ಎಐ ಸಹಾಯಕದ ಹಿಂದಿರುವ ಭಾಷಾ ಮಾದರಿ ಫಂಕ್ಷನ್‌ನ ಒಳಭಾಗವನ್ನೂ ಓದಿ, ಬೇರೆಡೆ ತಾನು ಕಂಡಿರುವ ಇಂಥದೇ ಫಂಕ್ಷನ್‌ಗಳ ಆಧಾರದ ಮೇಲೆ ಸರಾಗವಾದ ವಾಕ್ಯಗಳನ್ನು ಬರೆಯುತ್ತದೆ. ಮಳೆ ಎಂದಿದ್ದರೆ ಮಿಲಿಮೀಟರ್ ಎಂದು ಸೇರಿಸುವ ಸಾಧ್ಯತೆಯೇ ಹೆಚ್ಚು, ಏಕೆಂದರೆ ಜಗತ್ತಿನ ಬಹುಪಾಲು ಕೋಡಿನಲ್ಲಿ ಹಾಗಿದೆ. ಸೆಂಟಿನ ಲೆಕ್ಕ ಅದಕ್ಕೆ ಹೊಳೆಯಲು ಕಾರಣವಿಲ್ಲ. ಇದಕ್ಕಿಂತ ಸೂಕ್ಷ್ಮವಾದ ತೊಂದರೆಯೆಂದರೆ, ಅದು ಕೋಡು ಏನು ಮಾಡುತ್ತಿದೆಯೋ ಅದನ್ನೇ ಕೋಡಿನ ಉದ್ದೇಶವೆಂದು ಬರೆಯುತ್ತದೆ. ಅಳೆಯದ ದಿನವನ್ನು ಸೊನ್ನೆಯೆಂದು ಪರಿಗಣಿಸಿ ಸರಾಸರಿ ತೆಗೆಯುವ ತಪ್ಪು ನಿಮ್ಮ ಕೋಡಿನಲ್ಲಿದ್ದರೆ, ‘ದಾಖಲೆ ಇಲ್ಲದ ದಿನಗಳನ್ನು ಸೊನ್ನೆ ಎಂದು ಪರಿಗಣಿಸಲಾಗುತ್ತದೆ’ ಎಂಬ ವಾಕ್ಯ ಗಂಭೀರವಾಗಿ ಪುಟಕ್ಕೆ ಬರುತ್ತದೆ. ಇನ್ನು ಮುಂದೆ ಅದು ತಪ್ಪಲ್ಲ, ನಿಯಮ. ಆರು ತಿಂಗಳ ನಂತರ ಯಾರಾದರೂ ಅದನ್ನು ಸರಿಪಡಿಸಲು ಹೊರಟರೆ, ಡಾಕ್ಯುಮೆಂಟೇಶನ್‌ಗೆ ವಿರುದ್ಧವಾಗಿ ಕೋಡನ್ನು ಬದಲಿಸುತ್ತಿದ್ದೀರಿ ಎಂದು ಇನ್ನೊಬ್ಬರು ತಡೆಯುತ್ತಾರೆ. ಕೋಡಿನಿಂದಲೇ ಹುಟ್ಟಿದ ವಿವರಣೆಗೆ ಕೋಡಿನ ತಪ್ಪನ್ನು ಹಿಡಿಯುವ ಶಕ್ತಿ ಇರುವುದಿಲ್ಲ, ಏಕೆಂದರೆ ಹೋಲಿಸಿ ನೋಡಲು ಅದಕ್ಕೆ ಬೇರೆ ಆಧಾರವೇ ಇಲ್ಲ.

ಉಳಿದ ತೊಂದರೆಗಳು ಹೆಚ್ಚು ಪರಿಚಿತವಾದವು, ಬೇಗ ಹೇಳಿ ಮುಗಿಸುತ್ತೇನೆ. ಫಂಕ್ಷನ್‌ನ ಪ್ಯಾರಾಮೀಟರ್ ಬದಲಾದಾಗ ಘೋಷಣೆಯ ಭಾಗ ತಾನಾಗಿ ಹೊಸದಾಗುತ್ತದೆ, ವಾಕ್ಯಗಳು ಹಳೆಯವೇ ಉಳಿಯುತ್ತವೆ. ಪುಟದಡಿಯಲ್ಲಿ ಇವತ್ತಿನ ದಿನಾಂಕ ಮುದ್ರಿತವಾಗುವಂತೆ ಮಾಡಿದ್ದರೆ ಹಳಸಿದ ವಿವರಣೆಗೂ ಹೊಸತನದ ಮೊಹರು ಬೀಳುತ್ತದೆ. ಅಕಾರಾದಿಯ ಪಟ್ಟಿ ಹೆಸರು ಗೊತ್ತಿದ್ದವರಿಗೆ ಸಹಾಯಕ, ಎಲ್ಲಿಂದ ಆರಂಭಿಸಬೇಕೆಂದು ತಿಳಿಯದವರಿಗೆ ಅಲ್ಲ. ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರಿನ ಅನುಕೂಲದ ಕ್ರಮಕ್ಕಿಂತ ಮನುಷ್ಯರು ಓದುವ ಕ್ರಮದಲ್ಲಿ ಪ್ರೋಗ್ರಾಮನ್ನು ವಿವರಿಸಬೇಕೆಂದು ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ ಅವರು 1984ರಲ್ಲಿಯೇ ವಾದಿಸಿದ್ದರು. ಅವರ ಪದ್ಧತಿ ವ್ಯಾಪಕವಾಗಲಿಲ್ಲ, ಅವರು ಎತ್ತಿದ ಕೊರತೆ ಉಳಿದಿದೆ. ಒಳಬಳಕೆಗೆಂದು ಬರೆದ ಸಹಾಯಕ ಫಂಕ್ಷನ್‌ಗಳಿಗೂ ಚೆಂದದ ಪುಟ ಸಿಕ್ಕಿದಾಗ ಹೊರಗಿನವರು ಅವನ್ನೇ ಬಳಸತೊಡಗುತ್ತಾರೆ, ಆಮೇಲೆ ಅವನ್ನು ಬದಲಿಸಲು ನಿಮಗೆ ಸ್ವಾತಂತ್ರ್ಯವಿರುವುದಿಲ್ಲ. ನಿಮ್ಮ ಪೈಥಾನ್ ವರದಿಗಳಿಗೆ ಸ್ಫಿಂಕ್ಸ್‌ನ ‘ಆಟೋಡಾಕ್’ ಬಳಸುವುದಾದರೆ, ಅದು ವಿವರಣೆ ತೆಗೆಯಲು ಮಾಡ್ಯೂಲನ್ನು (ಕೋಡಿನ ಆ ಭಾಗದ ಕಡತವನ್ನು) ನಿಜವಾಗಿಯೇ ಇಂಪೋರ್ಟ್ ಮಾಡುತ್ತದೆ, ಅಂದರೆ ತೆರೆದು ಓಡಿಸುತ್ತದೆ ಎಂಬುದು ನೆನಪಿರಲಿ. ಇಂಪೋರ್ಟ್ ಆದೊಡನೆ ಡೇಟಾಬೇಸ್‌ಗೆ ಸಂಪರ್ಕ ಹೊಂದುವ ಕೋಡು ಅಲ್ಲಿದ್ದರೆ ಅದೂ ನಡೆಯುತ್ತದೆ.

ಇನ್ನು ಮಾಡಬೇಕಾದದ್ದು. ಮೊದಲು, ಕೋಡಿನ ಹಳೆಯ ಸ್ಥಿತಿಗಳನ್ನು ಉಳಿಸಿಡುವ ಗಿಟ್‌ನಲ್ಲಿ ಎಐ ಸಹಾಯಕದ ಬದಲಾವಣೆಗಳಿಗೆ ಮುಂಚಿನ ಸ್ಥಿತಿಯನ್ನು ತೆರೆದು, ಹಳೆಯ ಕಾಮೆಂಟ್ ಯಾವುದಾದರೂ ಅಳಿದುಹೋಗಿದೆಯೇ ಎಂದು ಹೋಲಿಸಿ ನೋಡಿ. ಡಾಕ್ಸಿಜನ್ ತನ್ನ ನಿಗದಿತ ರೂಪದ ಕಾಮೆಂಟ್‌ಗಳನ್ನು ಮಾತ್ರ ಎತ್ತಿಕೊಳ್ಳುತ್ತದೆ; ಫಂಕ್ಷನ್‌ನ ಒಳಗೆ ಎರಡು ಓರೆಗೆರೆಗಳ ಮುಂದೆ ಅವಸರದಲ್ಲಿ ಬರೆದ ‘ಈ ತೋಟದವರು ಹಿಂದಿನ ದಿನಕ್ಕೆ ಬರೆಯುತ್ತಾರೆ’ ಎಂಬಂಥ ಸಾಲುಗಳನ್ನು ಅದು ಮುಟ್ಟುವುದೇ ಇಲ್ಲ. ನನ್ನ ಅನುಭವದಲ್ಲಿ ಇಂಥ ಹಳೆಯ ಕೋಡಿನ ನಿಜವಾದ ಡಾಕ್ಯುಮೆಂಟೇಶನ್ ಸಿಗುವುದು ಈ ಸಾಲುಗಳಲ್ಲಿ ಮತ್ತು ಪ್ರತಿ ಬದಲಾವಣೆಯನ್ನು ಗಿಟ್‌ಗೆ ಸೇರಿಸುವಾಗ ಬರೆದ ಕಮಿಟ್ ಸಂದೇಶಗಳಲ್ಲಿ. ಅವನ್ನು ಹೆಕ್ಕಿ ತೆಗೆದು ಸರಿಯಾದ ಜಾಗಕ್ಕೆ ತನ್ನಿ. ನಂತರ ‘ಎಕ್ಸ್‌ಟ್ರಾಕ್ಟ್ ಆಲ್’ ಅನ್ನು ‘ನೋ’ ಮಾಡಿ, ‘ವಾರ್ನ್ ಇಫ್ ಅನ್‌ಡಾಕ್ಯುಮೆಂಟೆಡ್’ ಅನ್ನು ‘ಯೆಸ್’ ಎಂದೇ ಇರಿಸಿ. ಫಂಕ್ಷನ್‌ನ ಹೆಸರನ್ನೇ ವಾಕ್ಯವಾಗಿಸಿದ ಕಾಮೆಂಟ್‌ಗಳನ್ನು ಅಳಿಸಿ. ಎಚ್ಚರಿಕೆಗಳ ಪಟ್ಟಿ ಉದ್ದವಾಗಿ ಬರುತ್ತದೆ. ಅದು ನಿಮ್ಮ ಕೊರತೆಯ ಪ್ರಾಮಾಣಿಕ ಲೆಕ್ಕ, ಹೆದರಬೇಡಿ. ಎಚ್ಚರಿಕೆಯನ್ನೇ ದೋಷವೆಂದು ಪರಿಗಣಿಸಿ ಬಿಲ್ಡ್ (ಎಲ್ಲವನ್ನೂ ಜೋಡಿಸಿ ಸಿದ್ಧಪಡಿಸುವ ಹಂತ) ನಿಲ್ಲಿಸುವ ಸೌಲಭ್ಯವೂ ಇದೆ, ಅದನ್ನು ಈಗಲೇ ಚಾಲೂ ಮಾಡಬೇಡಿ. ಸಂಜೆಯೊಳಗೆ ಬಿಲ್ಡ್ ಆಗಲೇಬೇಕೆಂಬ ಒತ್ತಡದಲ್ಲಿ ಬರೆಯುವ ಕಾಮೆಂಟುಗಳು ಮತ್ತೆ ‘ತೋಟದ ಸಂಖ್ಯೆ ಎಂದರೆ ತೋಟದ ಸಂಖ್ಯೆ’ ಎಂಬ ಜಾತಿಯವೇ ಆಗುತ್ತವೆ.

ಎಲ್ಲ ಫಂಕ್ಷನ್‌ಗಳಿಗೂ ಬರೆಯಲು ಹೊರಡಬೇಡಿ. ಒಂದು ಮಾಡ್ಯೂಲಿನಿಂದ ಇನ್ನೊಂದು ಮಾಡ್ಯೂಲು ಕರೆಯುವ ಫಂಕ್ಷನ್‌ಗಳನ್ನು ಮಾತ್ರ ಆರಿಸಿಕೊಂಡು, ಅಳತೆ ಯಾವುದು, ದಿನಾಂಕದ ಅರ್ಥವೇನು, ಮಾಹಿತಿ ಇಲ್ಲದಿದ್ದರೆ ಏನು ಬರುತ್ತದೆ, ಕರೆಯುವ ಮುನ್ನ ಏನು ಆಗಿರಬೇಕು, ಎಲ್ಲಿ ವಿಫಲವಾಗುತ್ತದೆ ಎಂಬಷ್ಟನ್ನು ಬರೆದರೆ ಸಾಕು. ಎಷ್ಟೋ ಕಡೆ ಕಾಮೆಂಟಿಗಿಂತ ಕೋಡನ್ನೇ ತಿದ್ದುವುದು ಒಳ್ಳೆಯದು. ಫಂಕ್ಷನ್‌ನ ಹೆಸರಿನಲ್ಲಿಯೇ ಸೆಂಟ್ ಎಂದು ಸೇರಿಸಿದರೆ ಓದುವವರಿಗೆ ಅಳತೆ ಅಲ್ಲಿಯೇ ಕಾಣುತ್ತದೆ; ಸಿ ಪ್ಲಸ್ ಪ್ಲಸ್‌ನಲ್ಲಿ ಸೆಂಟಿಗೂ ಮಿಲಿಮೀಟರಿಗೂ ಬೇರೆಬೇರೆ ಟೈಪ್ ಮಾಡಿದರೆ, ಒಂದನ್ನು ಇನ್ನೊಂದರ ಜಾಗದಲ್ಲಿ ಬಳಸಿದವರನ್ನು ಕಂಪೈಲರ್ ತಡೆಯುತ್ತದೆ. ಕೊಯ್ಲಿನ ಲೆಕ್ಕದಲ್ಲಿ 50 ಕೆಜಿ ಚೆರ್ರಿ ಮೂಟೆಯಿಂದ ಬರುವ ಹಸನಾದ ಬೀಜದ ಪ್ರಮಾಣವಾದ ಔಟ್‌ಟರ್ನ್‌ಗೂ ಬರಿಯ ಕಿಲೋಗ್ರಾಂ ತೂಕಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಪೈಥಾನ್ ಭಾಗಕ್ಕೆ ‘ಡಾಕ್‌ಟೆಸ್ಟ್’ ಬಳಸಿ. ವಿವರಣೆಯೊಳಗೆ ಬರೆದ ಉದಾಹರಣೆಗಳನ್ನು ಅದು ನಿಜವಾಗಿ ಓಡಿಸಿ, ಬರೆದ ಉತ್ತರವೂ ಬಂದ ಉತ್ತರವೂ ಒಂದೇ ಆಗಿದೆಯೇ ಎಂದು ನೋಡುತ್ತದೆ. 2001ರ ಪೈಥಾನ್ 2.1ರಿಂದಲೂ ಭಾಷೆಯ ಜೊತೆಗೇ ಬರುತ್ತಿದೆ. ರಸ್ಟ್ ಮತ್ತು ಗೋ ಭಾಷೆಗಳಲ್ಲಿಯೂ ಇಂಥದೇ ಏರ್ಪಾಡು ಇದೆ. ವಿವರಣೆ ಹಳಸಿದಾಗ ಅದನ್ನು ಯಂತ್ರವೇ ಹಿಡಿದುಕೊಡುವ ವಿಧಾನಗಳಲ್ಲಿ ಇದಕ್ಕಿಂತ ಸರಳವಾದದ್ದು ನನಗೆ ಕಂಡಿಲ್ಲ, ಸ್ವಯಂಚಾಲನೆ ಸಾರ್ಥಕವಾಗುವುದೂ ಇಂಥ ಕಡೆ.

ಎಐ ಸಹಾಯಕವನ್ನು ದೂರವಿಡಿ ಎಂದು ನಾನು ಹೇಳುವುದಿಲ್ಲ. ಉತ್ತರ ಬರೆಸುವ ಬದಲು ಪ್ರಶ್ನೆ ಬರೆಸಿ. ‘ಈ ಫಂಕ್ಷನ್ ಬಳಸುವವನಿಗೆ ಕೋಡಿನಿಂದ ತಿಳಿಯದ ಸಂಗತಿಗಳು ಯಾವುವು?’ ಎಂದು ಕೇಳಿದರೆ ಅದು ಕೊಡುವ ಪಟ್ಟಿ ಸಾಕಷ್ಟು ಚೆನ್ನಾಗಿರುತ್ತದೆ. ಆ ಪಟ್ಟಿಯನ್ನು ಹಿಡಿದು ತೋಟದ ರೈಟರ ಬಳಿ, ಕ್ಯೂರಿಂಗ್ (ಕಾಫಿ ಬೀಜವನ್ನು ಹಸನುಗೊಳಿಸುವ) ಲೆಕ್ಕ ನೋಡುವವರ ಬಳಿ ಕೂತು ಉತ್ತರ ಬರೆದುಕೊಳ್ಳಿ. ಉತ್ತರಗಳು ಕನ್ನಡದಲ್ಲಿ ಬಂದರೆ ಕಾಮೆಂಟನ್ನೂ ಕನ್ನಡದಲ್ಲಿಯೇ ಇಡಬಹುದು. ನಿಮ್ಮ ತಂಡದವರೆಲ್ಲ ಕನ್ನಡ ಓದಬಲ್ಲವರಾಗಿದ್ದರೆ, ಅರ್ಧ ಅರ್ಥವನ್ನು ದಾರಿಯಲ್ಲಿ ಕಳೆದುಕೊಂಡ ಇಂಗ್ಲಿಷಿಗಿಂತ ಅದು ಮೇಲು. ಡಾಕ್ಸಿಜನ್ ಕನ್ನಡದಂಥ ಲಿಪಿಗಳನ್ನೂ ಉಳಿಸಬಲ್ಲ ಯುಟಿಎಫ್-8 ಕಡತಗಳನ್ನು ಓದುತ್ತದೆ, ಎಚ್‌ಟಿಎಂಎಲ್ ಪುಟಗಳಲ್ಲಿ ಕನ್ನಡ ಸರಿಯಾಗಿಯೇ ಬರುತ್ತದೆ. ಪಿಡಿಎಫ್ ಬೇಕಾದರೆ ಮಾತ್ರ, ಅದರ ಪುಟಗಳನ್ನು ಜೋಡಿಸುವ ಲೇಟೆಕ್ ಎಂಬ ತಂತ್ರಾಂಶದ ಫಾಂಟ್ ವ್ಯವಸ್ಥೆಯನ್ನು ಪ್ರತ್ಯೇಕವಾಗಿ ಹೊಂದಿಸಿಕೊಳ್ಳಬೇಕಾಗುತ್ತದೆ. ಮಳೆಯ ಮಾಡ್ಯೂಲಿನಿಂದಲೇ ಆರಂಭಿಸುವುದಾದರೆ ಮುಂಗಾರು ಶುರುವಾಗುವ ಮೊದಲು ಕೂರುವುದು ಒಳ್ಳೆಯದು. ಜೂನ್ ನಂತರ ರೈಟರುಗಳಿಗೆ ನಿಮ್ಮ ಪ್ರಶ್ನೆಗಳಿಗೆ ಉತ್ತರಿಸುವಷ್ಟು ಪುರಸೊತ್ತು ಇರುವುದಿಲ್ಲ.